ಸ್ಲೋ ಮೋಷನ್ ಸೇಡು

"ಬಾಯಿ ಇನ್ನೂ ಸ್ವಲ್ಪ ದೊಡ್ಡದಾಗಿ ತೆಗೀರಿ."

ಕುರ್ಚಿಯಲ್ಲಿ ಒರಗಿದ್ದವನು ತೆಗೆದ. ಬಲದವಡೆ ಊದಿಕೊಂಡು ಮುಖವೇ ಒಂದು ಕಡೆ ವಾಲಿದಂತಿತ್ತು. ಬಿಸಿಲಿನಲ್ಲಿ ಬೆಂದು ಕಂದಿದ ಮೈಬಣ್ಣ. ನೋವಿಗೆ ಕಣ್ಣಂಚಿನಲ್ಲಿ ನೀರು.

ಅವಳು ಪುಟ್ಟ ಕನ್ನಡಿ ಒಳಗಿಟ್ಟು ನೋಡಿದಳು. ಕೊನೆಯ ದವಡೆ ಹಲ್ಲು ಒಳಗಿಂದಲೇ ಟೊಳ್ಳಾಗಿತ್ತು.

"ಯಾವಾಗಿಂದ ನೋವು?"

"ತುಂಬಾ ದಿನ ಆಯ್ತು ಡಾಕ್ಟ್ರೇ... ತಾನಾಗೇ ಹೋಗುತ್ತೆ ಅನ್ಕೊಂಡಿದ್ದೆ. ನೋ...ಡಿ, ನಮ್ಮ ಆಟದಲ್ಲೂ ಅಷ್ಟೇ, ಕಾಲು ಸರಿ ಇಡದೆ ಸುಮ್ನೆ ಕೈ ಬೀಸಿದ್ರೆ ಹೀಗೇ ಆಗೋದು."

ಅವಳ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ಆ ದನಿ!

'ನೋ' ಎಂಬುದನ್ನು ಎಳೆದು, 'ಡಿ' ಎಂಬುದನ್ನು ಕತ್ತರಿಸಿ ಎಸೆಯುವ ಆ ರೀತಿ! ಅದನ್ನು ಅವಳು ಎಷ್ಟು ಸಲ ಕೇಳಿರಲಿಲ್ಲ? ಮರೆಯಬೇಕೆಂದುಕೊಂಡಾಗಲೆಲ್ಲ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದ ದನಿಯದು.

'ಇವನೇನಾ... ಇವನೇ!'

ಮಾಸ್ಕಿನ ಹಿಂದೆ ಅವಳ ತುಟಿ ಬಿಗಿಯಿತು. ಬಲಗೈಯ ಪಕ್ಕದಲ್ಲೇ ಡ್ರಿಲ್ ಇತ್ತು. ಇಂಜೆಕ್ಷನ್ ಇತ್ತು. ಬಾಯಿ ತೆರೆದುಕೊಂಡು, ಮಾತಾಡಲೂ ಆಗದೆ, ಶತ್ರು ಕೈಗೆ ಸಿಕ್ಕಿದ್ದ!

"ಏನ್ ಕೆಲಸ ಮಾಡ್ತೀರಾ?" ಕೇಳಿದಳು.

"ಟೆನ್ನಿಸ್ ಕೋಚು ಡಾಕ್ಟ್ರೇ. ಹೊಸದಾಗಿ ಕಲಿಯೋರು ಮೊಬೈಲಲ್ಲಿ ವಿಡಿಯೋ ಕಳಿಸ್ತಾರೆ. ನೋಡಿ ತಪ್ಪು ಹೇಳ್ತೀನಿ."

"ಓಹೋ... ತಪ್ಪು ಹೇಳ್ತೀರಾ!"

"ಹೌದು. ಯಾಕೆ, ನೀವೂ ಆಡ್ತೀರಾ?"

"ಇಲ್ಲ," ಅಂದಳು. "ಬಾಯಿ ತೆಗೀರಿ."

* * *

ಅವಳು ಆಡುತ್ತಿದ್ದಳು. ಒಂದು ಕಾಲದಲ್ಲಿ.

ಮದುವೆ ಮುರಿದು, ಚಿಕ್ಕಮ್ಮನ ಮನೆಗೆ ಬಂದು ಸೇರಿಕೊಂಡ ಮೇಲೆ ಅವಳು ತನಗಾಗಿ ಮಾಡಿಕೊಂಡ ಮೊದಲ ಕೆಲಸವೆಂದರೆ ಟೆನ್ನಿಸ್ ಕ್ಲಬ್ಬಿಗೆ ಸೇರಿದ್ದು. ಆ ಮದುವೆಯಲ್ಲಿ ಅವಳು ಕಲಿತಿದ್ದು ಒಂದೇ ಮಾತು, 'ಸಾರಿ'. ಹಾಲು ಉಕ್ಕಿದರೆ ಸಾರಿ. ಬಾಗಿಲು ಜೋರಾಗಿ ಬಡಿದುಕೊಂಡರೆ ಸಾರಿ. ಗಂಡನೇ ಜಗಳ ತೆಗೆದು, ಗಂಡನೇ ಮುನಿಸಿಕೊಂಡು ಕೂತರೂ ಅವಳದೇ ಸಾರಿ.

ಚೆಂಡಿಗೆ ಹೊಡೆಯುವಾಗ ಮಾತ್ರ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಅದಕ್ಕೇ ಆ ಆಟ ಅವಳಿಗೆ ಅಷ್ಟು ಇಷ್ಟವಾಗಿತ್ತು.

ಒಂದು ದಿನ ಕ್ಲಬ್ಬಿನ ಸೆಕ್ರೆಟರಿ, "ಡಾಕ್ಟ್ರೇ, ನಿಮ್ಮ ಫೋರ್‌ಹ್ಯಾಂಡ್ ಹೊಡೆತದ್ದು ಒಂದು ವಿಡಿಯೋ ಕೊಡಿ. ನಂಗೊಬ್ಬ ಕೋಚು ಗೊತ್ತು, ಊರಿನ ಆ ಕಡೆ ಕಲಿಸ್ತಾನೆ. ವಿಡಿಯೋ ನೋಡಿ ಜಾತಕ ಹೇಳ್ಬಿಡ್ತಾನೆ!" ಎಂದಿದ್ದರು. ಅವಳು ಸಂಭ್ರಮದಿಂದ ಕೊಟ್ಟಿದ್ದಳು. ಹಿಂದಿನಿಂದ ತೆಗೆದ ವಿಡಿಯೋ, ಮುಖ ಕಾಣುತ್ತಿರಲಿಲ್ಲ.

ಉತ್ತರ ಬಂದಿದ್ದು ಕ್ಲಬ್ಬಿನ ಗ್ರೂಪಿಗೆ. ಎಲ್ಲ ಸದಸ್ಯರೂ ಇದ್ದ ಗ್ರೂಪಿಗೆ!

ಸ್ಲೋ ಮೋಷನ್‌ನಲ್ಲಿ ಅವಳು. ಅವಳ ಮೊಣಕೈ ಸುತ್ತ ಒಂದು ಕೆಂಪು ವೃತ್ತ, ಹಿಂದೆ ವಾಲಿದ ಸೊಂಟದ ಸುತ್ತ ಇನ್ನೊಂದು. ಮೇಲೆ ಆ ಗಂಡು ದನಿ: "ನೋ...ಡಿ, ಇವರು ಚೆಂಡಿಗೆ ಹೊಡೀತಿಲ್ಲ. ಚೆಂಡಿನ ಹತ್ರ ಕ್ಷಮೆ ಕೇಳ್ತಿದ್ದಾರೆ!"

ಆಮೇಲೊಂದು ನಗು. ಅಷ್ಟೇ, ವಿಡಿಯೋ ಮುಗಿಯಿತು.

ಗ್ರೂಪಿನ ತುಂಬ ಹಲ್ಲು ಕಿರಿಯುವ ಹಳದಿ ಮುಖಗಳು. ಮರುದಿನ ಕೋರ್ಟಿಗೆ ಹೋದರೆ, ಪಕ್ಕದ ಕೋರ್ಟಿನವನು ಕೈ ಮುಗಿದು, "ಚೆಂಡಮ್ಮಾ, ತಪ್ಪಾಯ್ತು!" ಎಂದು ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅವಳೂ ನಕ್ಕಳು. ರ‍್ಯಾಕೆಟ್ ಚೀಲಕ್ಕೆ ತುಂಬಿಕೊಂಡಳು. ಮತ್ತೆ ಆ ಕ್ಲಬ್ಬಿಗೆ ಕಾಲಿಡಲಿಲ್ಲ.

ಸುಳ್ಳು ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮುಖವನ್ನೂ ನೋಡದ ಒಬ್ಬ ಗಂಡಸು, ಒಂದೇ ಹೊಡೆತ ನೋಡಿ, ಅವಳ ಇಡೀ ಬದುಕನ್ನು ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದ... ಮತ್ತೆ ಅದಕ್ಕೆ ನಕ್ಕೂ ಬಿಟ್ಟಿದ್ದ!

* * *

"ಅವನಾ?!" ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವ ಚಿಕ್ಕಮ್ಮ ಬಿಸ್ಕತ್ತನ್ನು ಅರ್ಧಕ್ಕೇ ಬಿಟ್ಟರು. "ಮತ್ತೆ ಸುಮ್ನೆ ಯಾಕೆ ಕಳಿಸ್ದೆ? ಒಂದೆರಡು ಒಳ್ಳೆ ಹಲ್ಲೂ ಕಿತ್ತು ಕಳಿಸ್ಬೇಕಿತ್ತು!"

"ಕುರ್ಚಿ ಮೇಲೆ ಕೂತ್ಮೇಲೆ ಅವನು ಪೇಷಂಟ್ ಚಿಕ್ಕಮ್ಮ. ಹಲ್ಲಿನ ಮೇಲೆ ಸೇಡು ತೀರಿಸ್ಕೊಳ್ಳಲ್ಲ ನಾನು."

"ಹಾಗಾದ್ರೆ?"

ಅವಳು ಗ್ಲೌಸ್ ಕಳಚಿ ಡಬ್ಬಿಗೆ ಎಸೆದಳು. ಕಣ್ಣಲ್ಲಿ ಎಂದೂ ಇಲ್ಲದ ಒಂದು ಹೊಳಪು.

"ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಈ ಸಲ ಅವನೇ ಅತಿಥಿಯಂತೆ. ನಂಜು ಇಳಿಯೋಕೆ ಎಷ್ಟು ದಿನ ಬೇಕು, ಆಟ ಆಡ್ಬೇಕು ಅಂತ ಅವನೇ ಹೇಳ್ದ. ಅತಿಥಿ ಕೋಚಿಗೆ ಯಾರು ಬೇಕಾದ್ರೂ ಸವಾಲು ಹಾಕ್ಬಹುದು. ಅವನನ್ನ ಎಲ್ಲರ ಮುಂದೆ ಸೋಲಿಸ್ತೀನಿ. ನಕ್ಕಿದ್ರಲ್ಲ, ಅದೇ ಜನರ ಮುಂದೆ!"

"ನಿಂಗೆ ಯಾರೇ ಕಲಿಸ್ತಾರೆ?"

"ಅವನೇ."

ಚಿಕ್ಕಮ್ಮನ ಬಾಯಿಂದ ಬಿಸ್ಕತ್ತಿನ ಪುಡಿ ಉದುರಿತು.

ಉಪಾಯ ಸರಳವಾಗಿತ್ತು. ಹೊಸ ನಂಬರು. 'ಕಿಡಿ' ಎಂಬ ಹೆಸರು. ಮನೆಯ ಹಿಂದೆ ಹಳೇ ಕಾಲೇಜಿನ ಪಾಳುಬಿದ್ದ ಕೋರ್ಟು. ಮುಖ ಕಾಣದಂತೆ ವಿಡಿಯೋ ತೆಗೆಯಲು ಚಿಕ್ಕಮ್ಮ.

'ಸರ್, ನನ್ನ ಫೋರ್‌ಹ್ಯಾಂಡ್ ನೋಡಿ ತಪ್ಪು ಹೇಳ್ತೀರಾ?' ಎಂದು ಬರೆದು ಕಳಿಸಿದಳು. ಮತ್ತೆ ನಗಲಿ, ನೋಡೋಣ. ಇನ್ನೊಂದು ಸಲ ನಕ್ಕರೆ ಸೇಡಿಗೆ ಇನ್ನಷ್ಟು ಉರಿ!

ಆದರೆ ಅವನು ನಗಲಿಲ್ಲ.

"ಮೊದಲನೇದಾಗಿ, ಫೋನ್ ಹಿಡಿದಿರೋರಿಗೆ ನಮಸ್ಕಾರ ಹೇಳಿ," ಎಂದಿತು ಅವನ ದನಿ. "ಅವರ ಹೆಬ್ಬೆರಳು ತುಂಬಾ ಚೆನ್ನಾಗಿ ಕಾಣ್ತಿದೆ. ಅದರ ಪಕ್ಕದಲ್ಲಿ ನೀವೂ ಸ್ವಲ್ಪ ಕಾಣ್ತೀರಿ."

ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಲೇ, ಮಾತು ಚೆನ್ನಾಗಿ ಆಡ್ತಾನಲ್ಲೇ!"

"ಚಿಕ್ಕಮ್ಮ!"

"ಸರಿ ಸರಿ. ಶತ್ರು. ಗೊತ್ತು."

"ನೋ...ಡಿ, ಇಲ್ಲಿ ನಿಲ್ಲಿಸ್ತೀನಿ," ದನಿ ಮುಂದುವರಿಯಿತು. "ಚೆಂಡು ನಿಮ್ಮ ಸೊಂಟ ದಾಟಿದ ಮೇಲೆ ಹೊಡೀತಿದೀರಿ. ತಡ ಆಯ್ತು. ಚೆಂಡು ಇನ್ನೂ ಮುಂದೆ ಇರ್ಬೇಕಾದ್ರೇ ಸಿಗ್ಬೇಕು. ಅದಕ್ಕೆ ಕೈ ಅಲ್ಲ, ಭುಜ ಬೇಗ ತಿರುಗ್ಬೇಕು. ಎಡಗೈ ಸುಮ್ನೆ ನೇತಾಡ್ತಿದೆ, ಅದರಿಂದ ಚೆಂಡಿನ ಕಡೆ ತೋರಿಸಿ. ಆಮೇಲೆ... ಹೊಡೆದ ತಕ್ಷಣ ರ‍್ಯಾಕೆಟ್ ನಿಲ್ಲಿಸ್ತೀರಲ್ಲ, ಯಾಕೆ? ಹೊಡೆದಿದ್ದು ನೀವೇ ತಾನೆ? ಪೂರ್ತಿ ಬೀಸಿ. ಭುಜದ ಮೇಲೆ ಹೋಗಿ ನಿಲ್ಲಲಿ."

ಅವಳು ಆ ಮಾತನ್ನು ಮತ್ತೆ ಮತ್ತೆ ಕೇಳಿದಳು. ಕಲಿಯುವುದಕ್ಕೆ... ಕಲಿಯುವುದಕ್ಕಷ್ಟೇ!

* * *

ಹಲ್ಲಿನ ಬೇರಿನ ಚಿಕಿತ್ಸೆಯೆಂದರೆ ಒಂದೇ ದಿನಕ್ಕೆ ಮುಗಿಯುವುದಲ್ಲ. ಅವನು ಮತ್ತೆ ಬಂದ. ಮತ್ತೆ ಮತ್ತೆ ಬಂದ.

ಬೆಳಗ್ಗೆ 'ಕಿಡಿ'ಯಾಗಿ ಅವನಿಗೆ ವಿಡಿಯೋ ಕಳಿಸುವುದು, ಮಧ್ಯಾಹ್ನ ಡಾಕ್ಟರಾಗಿ ಅವನ ಬಾಯೊಳಗೆ ಇಣುಕುವುದು. ಮಾಸ್ಕು ಅವಳನ್ನು ಕಾಪಾಡುತ್ತಿತ್ತು.

"ಚೆನ್ನಾಗಿ ಬಿದ್ದ ಹೊಡೆತ ಮಾತ್ರ ಆರಿಸಿ ಕಳಿಸ್ಬೇಡಿ," ಎಂದಿದ್ದ ಒಮ್ಮೆ ಕಿಡಿಗೆ. "ಎಲ್ಲರೂ ಅದನ್ನೇ ಮಾಡ್ತಾರೆ. ತಪ್ಪಿದ್ದೂ ಕಳಿಸಿ. ನನ್ನ ಹತ್ರ ಏನು ನಾಚಿಕೆ?"

ಅವಳು ತಪ್ಪಿದ್ದನ್ನೂ ಕಳಿಸತೊಡಗಿದಳು. ನೆಟ್ಟಿಗೆ ಬಿದ್ದದ್ದು, ಆಕಾಶಕ್ಕೆ ಹಾರಿದ್ದು, ಚಿಕ್ಕಮ್ಮನ ಮೊಣಕಾಲಿಗೆ ಬಡಿದದ್ದು. ಅವನು ಪ್ರತಿಯೊಂದನ್ನೂ ನಿಲ್ಲಿಸಿ, ಗೆರೆ ಎಳೆದು, ತಾಳ್ಮೆಯಿಂದ ತಿದ್ದಿದ. ಅವಳ ಹೊಡೆತ ಬದಲಾಗುತ್ತ ಹೋಯಿತು. ಚೆಂಡು ರ‍್ಯಾಕೆಟ್ಟಿನ ನಡುವಿಗೇ ಬಡಿದು 'ಠಪ್' ಎನ್ನುವ ಸದ್ದು ಪಾಳು ಗೋಡೆಗೆ ತಾಗಿ ಮರಳಿ ಬರುತ್ತಿತ್ತು.

ಒಂದು ಮಧ್ಯಾಹ್ನ ಎಕ್ಸ್-ರೇ ಬರುವುದನ್ನು ಕಾಯುತ್ತ ಅವನು ತಾನಾಗಿಯೇ ಮಾತು ತೆಗೆದ.

"ಡಾಕ್ಟ್ರೇ, ಒಬ್ಬರು ಶಿಷ್ಯೆ ಇದ್ದಾರೆ. ಮುಖ ನೋಡಿಲ್ಲ, ದನಿ ಕೇಳಿಲ್ಲ. ಬರೀ ಹೊಡೆತ ಗೊತ್ತು. ಒಂದೊಂದು ಸಲ ಏನ್ ಸಿಟ್ಟು ಇರುತ್ತೆ ಅಂತೀರಾ ಅದರಲ್ಲಿ! ಯಾರ ಮೇಲೋ ಏನೋ ಪಾಪ."

ಅವಳ ಕೈಯಲ್ಲಿದ್ದ ಹತ್ತಿಯುಂಡೆ ಕೆಳಗೆ ಬಿತ್ತು.

"ಅವರ ವಿಡಿಯೋ ಬಂದ ದಿನ ನಂಗೆ ಈ ಕೆಲಸದ ಮೇಲೆ ಮತ್ತೆ ಪ್ರೀತಿ ಬರುತ್ತೆ ಡಾಕ್ಟ್ರೇ."

'ನನ್ನ ಬಗ್ಗೆ ನನಗೇ ಹೇಳ್ತಿದ್ದಾನೆ... ಪೆದ್ದ!'

ಎದೆಯೊಳಗೆ ಏನೋ ಮೆತ್ತಗಾಯಿತು. ಕೂಡಲೇ ಅವಳು ಆ ನಗುವನ್ನು ನೆನಪಿಸಿಕೊಂಡಳು. ಗ್ರೂಪಿನ ಹಳದಿ ಮುಖಗಳನ್ನು ನೆನಪಿಸಿಕೊಂಡಳು. ಮೆತ್ತಗಾದದ್ದು ಮತ್ತೆ ಗಟ್ಟಿಯಾಯಿತು.

"ಬಾಯಿ ತೆಗೀರಿ," ಅಂದಳು, ಬೇಕಾದ್ದಕ್ಕಿಂತ ಜೋರಾಗಿ.

ಆ ಸಂಜೆಯೇ ಅವಳು ಕಿಡಿಯಾಗಿ ಕೇಳಿದಳು: 'ಸರ್, ಬ್ಯಾಕ್‌ಹ್ಯಾಂಡಿಗೆ, ಅಂದ್ರೆ ಎಡಗಡೆಗೆ, ಭುಜಕ್ಕಿಂತ ಎತ್ತರದಲ್ಲಿ ಚೆಂಡು ಬಂದ್ರೆ ಏನು ಮಾಡೋದು?'

ಉತ್ತರ ತಡವಾಗಿ ಬಂತು. ದನಿ ತಗ್ಗಿತ್ತು.

"ಅದೊಂದು ನನ್ನ ಕೇಳ್ಬೇಡಿ. ನನ್ನ ಕೈಲೂ ಆಗಲ್ಲ. ಬಲಭುಜ ಒಮ್ಮೆ ಮುರಿದಿತ್ತು. ನನ್ನ ಆಟ ನಿಂತಿದ್ದೇ ಅದರಿಂದ. ಈಗಲೂ ಅಷ್ಟು ಎತ್ತರಕ್ಕೆ ಕೈ ಎತ್ತಿದ್ರೆ ಕಣ್ಣು ಕತ್ತಲೆ ಬರುತ್ತೆ. ಇನ್ನೂ ವಾಸಿಯಾಗಿಲ್ಲ ಅನ್ನೋದನ್ನ ಯಾರಿಗೂ ಹೇಳಿಲ್ಲ. ನೀವು ನಿಮ್ಮ ತಪ್ಪಿದ ಹೊಡೆತಗಳನ್ನೆಲ್ಲ ಕಳಿಸ್ತೀರಲ್ಲ... ಹಾಗಾಗಿ ನಿಮಗೆ ಹೇಳಿದೆ."

ಅವಳು ಫೋನನ್ನು ಮಗುಚಿಟ್ಟಳು.

ಸಿಕ್ಕಿತು! ಇಷ್ಟು ದಿನ ಹುಡುಕುತ್ತಿದ್ದ ದುರ್ಬಲ ಜಾಗ ಸಿಕ್ಕಿತು.

ಗೆದ್ದ ಖುಷಿಯಾಗಬೇಕಿತ್ತು. ಆದರೆ ಚಿಕ್ಕಮ್ಮ ಕಾಫಿ ತಂದಿಟ್ಟರೆ ಅದು ಆರಿ ತಣ್ಣಗಾಗುವವರೆಗೂ ಅವಳು ಮುಟ್ಟಲೇ ಇಲ್ಲ.

* * *

ವಾರ್ಷಿಕೋತ್ಸವದ ದಿನ ಕ್ಲಬ್ಬಿನ ಕೋರ್ಟಿನ ಸುತ್ತ ಕುರ್ಚಿಗಳು ತುಂಬಿದ್ದವು. ಸೆಕ್ರೆಟರಿ ಮೈಕು ಹಿಡಿದು ನಿಯಮ ಹೇಳಿದರು. ಮೊದಲು ಹತ್ತು ಅಂಕ ಮುಟ್ಟಿದವರು ಗೆದ್ದ ಹಾಗೆ. ಸವಾಲು ಹಾಕಿದವರಿಗೆ ಅದರಲ್ಲಿ ಅರ್ಧ, ಐದು ಅಂಕ, ಮೊದಲೇ ಬಿಟ್ಟಿ.

"ಯಾರಿದ್ದೀರಿ? ಕೋಚಿಗೆ ಸವಾಲು ಹಾಕೋ ಗಂಡೆದೆ ಯಾರಿಗಿದೆ?"

"ಹೆಣ್ಣೆದೆ ನಡೆಯುತ್ತಾ?" ಎಂಬ ದನಿ ಕೇಳಿಸಿತು.

ಗುಂಪು ತಿರುಗಿ ನೋಡಿತು. ಯಾರೋ ಹಿಂದಿನಿಂದ, "ಅಯ್ಯೋ, ಕ್ಷಮೆ ಡಾಕ್ಟ್ರು!" ಎಂದು ಕಿಸಕ್ಕನೆ ನಕ್ಕರು. ಅವಳು ಆ ಕಡೆ ನೋಡಲೂ ಇಲ್ಲ. ನೆಟ್ಟಗೆ ಕೋರ್ಟಿಗಿಳಿದಳು.

ಮಾಸ್ಕಿಲ್ಲದ ಮುಖ. ಅವನು ಕಣ್ಣು ಕಿರಿದು ಮಾಡಿ ನೋಡಿದ. "ಡಾಕ್ಟ್ರೇ? ನೀವಾ? ಆಡಲ್ಲ ಅಂದ್ರಲ್ಲ!"

"ಸರ್ವ್ ಮಾಡಿ," ಅಂದಳು.

ಅವನು ನಗುನಗುತ್ತಲೇ ಶುರುಮಾಡಿದ. ಸರ್ವ್ ಕೂಡ ಕೈಯನ್ನು ಪೂರ್ತಿ ಎತ್ತದೆ ಹಗುರವಾಗಿ ಹಾಕಿದ. ಜನ ಅದನ್ನು ಸೌಜನ್ಯವೆಂದುಕೊಂಡರು. ನಿಜ ಗೊತ್ತಿದ್ದವಳು ಅವಳೊಬ್ಬಳೇ.

ಅವಳ ಮೊದಲ ಫೋರ್‌ಹ್ಯಾಂಡ್ ಅವನ ಪಕ್ಕದಿಂದ ಸಿಡಿದು ಹೋಯಿತು. ಜನ ಚಪ್ಪಾಳೆ ಹೊಡೆದರು. ಅವನು ಮಾತ್ರ ಚೆಂಡು ಹೋದ ದಿಕ್ಕನ್ನು ನೋಡಲಿಲ್ಲ. ಅವಳನ್ನು ನೋಡುತ್ತ ನಿಂತ. ಆ ಎಡಗೈ ಚೆಂಡನ್ನು ತೋರಿಸುವ ರೀತಿ, ಆ ರ‍್ಯಾಕೆಟ್ಟು ಭುಜದ ಮೇಲೆ ಬಂದು ನಿಲ್ಲುವ ರೀತಿ...

ಅವನ ನಗು ಮಾಯವಾಯಿತು.

ಆದರೂ ಅನುಭವ ಅನುಭವವೇ. ಅವನು ಅವಳನ್ನು ಆ ಮೂಲೆಗೂ ಈ ಮೂಲೆಗೂ ಓಡಿಸಿದ. ಬಿಟ್ಟಿ ಅಂಕಗಳು ಕರಗಿದವು. ಲೆಕ್ಕ ಸಮಸಮ ಆಯಿತು. ಉಸಿರು ಮೇಲೆ ಕೆಳಗಾಗುತ್ತಿತ್ತು. ಸೋತೇಬಿಡುತ್ತೀನಾ? ಮತ್ತೆ ಇವರೆಲ್ಲರ ಮುಂದೆ?

'ಇಲ್ಲ!'

ಅವಳು ಚೆಂಡನ್ನು ಎತ್ತರಿಸಿ, ತಿರುವು ಕೊಟ್ಟು, ಅವನ ಬ್ಯಾಕ್‌ಹ್ಯಾಂಡಿಗೆ ಕಳಿಸಿದಳು. ಅದು ಪುಟಿದು ಭುಜದ ಮೇಲೆ ಎದ್ದಿತು. ಅವನ ಕೈ ಅರ್ಧಕ್ಕೇ ನಿಂತಿತು. ಅಂಕ ಅವಳದು.

ಇನ್ನೊಂದು. ಅಲ್ಲಿಗೇ. ಮತ್ತೊಂದು. ಅಲ್ಲಿಗೇ!

ಅವನು ಒಮ್ಮೆ ಅವಳ ಕಣ್ಣು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. 'ಕಿಡಿ... ನೀವಾ?' ಎಂಬ ಪ್ರಶ್ನೆಯಿತ್ತು.

ಕೊನೆಯ ಚೆಂಡನ್ನು ಅವನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಹಲ್ಲು ಕಚ್ಚಿ ಕೈ ಎತ್ತಿದ. ಒಂದು ಸಣ್ಣ ಚೀತ್ಕಾರ. ರ‍್ಯಾಕೆಟ್ ಕೈಜಾರಿ ನೆಲಕ್ಕೆ ಬಿತ್ತು.

ಜನ ಎದ್ದು ನಿಂತು ಕೂಗಿದರು. ಚಿಕ್ಕಮ್ಮ ಮಾತ್ರ ಕೂತಲ್ಲೇ ಕೂತಿದ್ದರು.

ಅವಳು ಸೆಕ್ರೆಟರಿಯ ಕೈಯಿಂದ ಮೈಕು ಕಿತ್ತುಕೊಂಡಳು.

"ನೀವೆಲ್ಲ ನೋಡಿ ನಕ್ಕ ವಿಡಿಯೋದಲ್ಲಿದ್ದವಳು ನಾನೇ. ಚೆಂಡಿನ ಹತ್ರ ಕ್ಷಮೆ ಕೇಳ್ತೀನಿ ಅಂತ ನನ್ನ ಆಡಿಕೊಂಡೋರು ಈ ಕೋಚು. ಇವತ್ತು ನನ್ನ ಹತ್ರ ಸೋತಿದ್ದಾರೆ. ಸರ್, ಇನ್ನೊಂದು ವಿಷಯ... ನಿಮ್ಮ ಶಿಷ್ಯೆ ಕಿಡಿ ನಾನೇ. ನಿಮ್ಮನ್ನ ಸೋಲಿಸೋದು ಹೇಗೆ ಅಂತ ನೀವೇ ಕಲಿಸಿದ್ರಿ. ಥ್ಯಾಂಕ್ಸ್!"

ಚಪ್ಪಾಳೆಗೆ ಎತ್ತಿದ್ದ ಕೈಗಳು ಕೆಳಗಿಳಿದವು.

ಅವನು ಎಡಗೈಯಿಂದ ಬಲಭುಜ ಹಿಡಿದುಕೊಂಡು ನೆಟ್ಟಿನ ಹತ್ತಿರ ಬಂದ. ಮುಖ ಬಿಳಿಚಿತ್ತು.

"ತುಂಬಾ ಚೆನ್ನಾಗಿ ಹೊಡೆದ್ರಿ," ಎಂದ. ಅಷ್ಟೇ. ತಿರುಗಿ ನಡೆದುಬಿಟ್ಟ.

* * *

ಗೆದ್ದ ಟ್ರೋಫಿ ಕೈಯಲ್ಲಿ ಭಾರವಾಗಿತ್ತು. ನೀರು ಕುಡಿಯಲು ಹೋದಲ್ಲಿ ಸೆಕ್ರೆಟರಿ ಸಿಕ್ಕರು. ಪೆಚ್ಚು ನಗೆ ನಗುತ್ತ ತಲೆ ಕೆರೆದುಕೊಂಡರು.

"ಏನ್ ಡಾಕ್ಟ್ರೇ, ಇಷ್ಟು ಸೀರಿಯಸ್ಸಾಗಿ ತಗೊಂಡ್ಬಿಟ್ರಿ! ಪಾಪ, ಅವನಿಗೇನೂ ಗೊತ್ತಿಲ್ಲ. ಅವನು ಕಳಿಸಿದ್ದು ನಂಗೊಬ್ಬನಿಗೇ, ನಿಮಗೆ ಕೊಡಿ ಅಂತ. ಉದ್ದ ಇತ್ತು. ಶುರುವಿನ ತಮಾಷೆ ಮಾತ್ರ ಕತ್ತರಿಸಿ ಗ್ರೂಪಿಗೆ ಹಾಕಿದ್ದು ನಾನು. ಸುಮ್ನೆ ಮಜಾಕ್ಕೆ..."

ಅವಳು ಲೋಟ ಕೆಳಗಿಟ್ಟಳು.

"ಪೂರ್ತಿ ವಿಡಿಯೋ ಇದೆಯಾ?"

"ಇರ್ಬೇಕು..."

"ತೋರಿಸಿ. ಈಗಲೇ!"

ಅದೇ ಅವಳು. ಅದೇ ಕೆಂಪು ವೃತ್ತ. ಅದೇ ನಗು. ಆದರೆ ನಗು ಮುಗಿದ ಮೇಲೆ ದನಿ ಮುಂದುವರಿಯಿತು!

"ತಮಾಷೆ ಸಾಕು. ಇದು ತಪ್ಪಲ್ಲ, ಹೆದರಿಕೆ. ಗಟ್ಟಿಯಾಗಿ ಹೊಡೆದ್ರೆ ಯಾರಾದ್ರೂ ಬೈತಾರೇನೋ ಅನ್ನೋ ಹೆದರಿಕೆ. ಭುಜ ಮುರ್ಕೊಂಡು ಎದ್ದಾಗ ನಾನೂ ಹೀಗೇ ಆಡ್ತಿದ್ದೆ. ಅದು ಹೋಗುತ್ತೆ. ಈಗ ಇವರ ಪಾದ ನೋ...ಡಿ. ಚೆಂಡು ನೆಟ್ ದಾಟೋ ಮೊದಲೇ ಹೊರಟಾಯ್ತು. ಇದನ್ನ ಕಲಿಸೋಕಾಗಲ್ಲ, ಹುಟ್ಟಿಂದ ಬರ್ಬೇಕು. ಇವರು ಯಾರೋ ನಂಗೊತ್ತಿಲ್ಲ. ದಯವಿಟ್ಟು ಹೇಳಿ, ಆಟ ಬಿಡ್ಬೇಡಿ ಅಂತ."

ಅವಳಿಗೆ ಕಣ್ಣು ಮಂಜಾಯಿತು.

ಆಮೇಲೆ ತಲೆ ಎತ್ತಿದಳು. "ಸೆಕ್ರೆಟರಿಗಳೇ, ಇದನ್ನ ಪೂರ್ತಿ ಅದೇ ಗ್ರೂಪಿಗೆ ಹಾಕಿ. ಕತ್ತರಿಸಿದ್ದು ನಾನು ಅಂತಲೂ ಬರೀರಿ. ನನ್ನ ಎದುರಿಗೇ."

ಅವರು ಅತ್ತಿತ್ತ ನೋಡಿದರು. ಹಿಂದೆ ಚಿಕ್ಕಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಹಾಕ್ರೀ," ಎಂದರು ಚಿಕ್ಕಮ್ಮ. "ನಾಳೆ ನಿಮಗೂ ಹಲ್ಲು ನೋವು ಬರುತ್ತೆ. ಅಪಾಯಿಂಟ್‌ಮೆಂಟ್ ಕೊಡೋಳು ನಾನು!"

ಸೆಕ್ರೆಟರಿ ಹಾಕಿದರು.

ಅವಳು ಹೊರಗೆ ಓಡಿದಳು. ಗೇಟಿನ ಬಳಿ ಅವನಿರಲಿಲ್ಲ. 'ನಾನು ತಪ್ಪು ತಿಳ್ಕೊಂಡಿದ್ದೆ. ಒಂದು ಸಲ ಮಾತಾಡಿ' ಎಂದು ಬರೆದಳು. ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ.

ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳಬೇಕಾದ ದಿನವೂ ಅವನು ಬರಲಿಲ್ಲ. ಅವನಿಗಾಗಿ ಬಿಟ್ಟಿದ್ದ ಹೊತ್ತಿನಲ್ಲಿ ಅವಳು ಖಾಲಿ ಕುರ್ಚಿಯ ಪಕ್ಕ ಸುಮ್ಮನೆ ಕೂತಿದ್ದಳು. ಚಿಕ್ಕಮ್ಮ ಬಾಗಿಲಲ್ಲಿ ಇಣುಕಿದರು.

"ಕಾಯ್ತಾ ಕೂತ್ರೆ ಬರಲ್ಲ ಕಣೇ. ಚುಚ್ಚೋಕೆ ಗೊತ್ತಾಯ್ತು ನಿಂಗೆ. ಹೋಗಿ ಮುಖ ತೋರಿಸೋಕೆ ಗೊತ್ತಿಲ್ವಾ?"

* * *

ಊರಿನ ಆ ಕಡೆಯ ಮಣ್ಣಿನ ಕೋರ್ಟು. ಬೆಳಗಿನ ತರಗತಿ ನಡೆಯುತ್ತಿತ್ತು. ಅವನು ಬಲಗೈಗೆ ಬಟ್ಟೆಯ ಜೋಲಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತು ಕಲಿಸುತ್ತಿದ್ದ. ಅವಳನ್ನು ಕಂಡದ್ದೇ ಮುಖ ತಿರುಗಿಸಿದ.

"ಕ್ಲಾಸ್ ನಡೀತಿದೆ."

"ಕಾಯ್ತೀನಿ."

ಕಾದಳು. ಬಿಸಿಲು ಏರಿತು. ಶಿಷ್ಯರೆಲ್ಲ ಹೋದ ಮೇಲೆ ಅವಳು ಅವನ ಎದುರು ಬಂದು ನಿಂತಳು.

"ಪೂರ್ತಿ ವಿಡಿಯೋ ನಾನು ನೋಡಿರ್ಲಿಲ್ಲ. ಕತ್ತರಿಸಿದ್ದು ಮಾತ್ರ ನೋಡಿದ್ದೆ."

"ಗೊತ್ತಾಯ್ತು. ನನ್ನ ತಮಾಷೆನೂ ತಪ್ಪೇ. ಯಾರದೋ ಬೆನ್ನು ನೋಡಿ ನಗೋ ಹಕ್ಕು ನಂಗೆ ಯಾರು ಕೊಟ್ರು? ಅದಕ್ಕೆ ನೀವು ಹೊಡೀಬೇಕಿತ್ತು, ಹೊಡೆದ್ರಿ. ಸೋತಿದ್ದಕ್ಕೆ ಬೇಜಾರಿಲ್ಲ." ಅವನ ದನಿ ಗಡುಸಾಯಿತು. "ಆದ್ರೆ ಈ ಭುಜದ ವಿಷಯ ನಿಮಗೊಬ್ಬರಿಗೇ ಹೇಳಿದ್ದೆ ಡಾಕ್ಟ್ರೇ. ನನ್ನ ಹೆತ್ತಮ್ಮನಿಗೂ ಹೇಳಿರ್ಲಿಲ್ಲ."

ಅವಳು ಅಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

"ಹೌದು. ಬೇಕು ಅಂತಲೇ ಅಲ್ಲಿಗೆ ಹೊಡೆದೆ. ಗೊತ್ತಿದ್ದೇ ಹೊಡೆದೆ. ನೀವೂ ಸೇಡು ತೀರಿಸ್ಕೊಳ್ಳಿ. ಏನು ಬೇಕಾದ್ರೂ ಮಾಡಿ, ಸುಮ್ನೆ ಮಾತ್ರ ಇರ್ಬೇಡಿ."

ಅವನು ಕಾಲಿನಿಂದ ಚೆಂಡಿನ ಬುಟ್ಟಿಯನ್ನು ಅವಳ ಕಡೆ ತಳ್ಳಿದ.

"ಸರಿ. ಶಿಷ್ಯರಿಗೆ ಚೆಂಡು ಹಾಕೋಕೆ ನನ್ನ ಕೈ ಇಲ್ಲ. ನಿಮ್ಮಿಂದಲೇ ಇಲ್ಲ. ಈ ಕೈ ಸರಿ ಹೋಗೋವರೆಗೂ ದಿನಾ ಬೆಳಗ್ಗೆ ಬಂದು ನೀವೇ ಹಾಕ್ಬೇಕು. ಬಿದ್ದ ಚೆಂಡು ನೀವೇ ಆರಿಸ್ಬೇಕು. ಇದೇ ನನ್ನ ಸೇಡು!"

ಮರುದಿನ ಅವಳು ಬಂದಳು. ಅದರ ಮರುದಿನವೂ.

ಚೆಂಡು ಹಾಕಿ ಹಾಕಿ ಅವಳ ಅಂಗೈ ಗುಳ್ಳೆಯೆದ್ದಿತು. ಆರಿಸಿ ಆರಿಸಿ ಸೊಂಟ ಬಿದ್ದುಹೋಯಿತು. ಅವನು ಕುರ್ಚಿಯಲ್ಲಿ ಕೂತು, "ಇನ್ನೂ ಆಳಕ್ಕೆ ಹಾಕಿ," "ಆ ಮೂಲೇಲಿ ಒಂದು ಬಿಟ್ರಿ," ಎಂದು ಅಪ್ಪಣೆ ಕೊಡುತ್ತಿದ್ದ. ಬೇರೆ ಮಾತಿಲ್ಲ.

'ಸರಿಯಾದ ಸೇಡುಮಾರಿ!' ಎಂದು ಅವಳು ಒಳಗೊಳಗೇ ಬೈದುಕೊಂಡಳು. ಆದರೂ ಅಲಾರಂ ಬಡಿಯುವ ಮೊದಲೇ ಎಚ್ಚರವಾಗುತ್ತಿತ್ತು.

ಒಂದು ಬೆಳಗ್ಗೆ ಅವಳು ಬುಟ್ಟಿಯ ಮೇಲೆ ಮುಲಾಮಿನ ಡಬ್ಬಿ ಕಂಡಳು. ಯಾರಿಟ್ಟಿದ್ದು ಎಂದು ಕೇಳಲಿಲ್ಲ. ಅವನೂ ಹೇಳಲಿಲ್ಲ. ಆ ದಿನ ಅವನು ಕುರ್ಚಿ ಬಿಟ್ಟು ಎದ್ದು ಬಂದು, ಎಡಗೈಯಲ್ಲಿ ತಾನೂ ಚೆಂಡು ಆರಿಸತೊಡಗಿದ.

"ಇದು ನನ್ನ ಕೆಲಸ," ಅಂದಳು ಅವಳು.

"ಬೇಗ ಮುಗೀಲಿ ಅಂತ. ನಿಮ್ಮ ಕ್ಲಿನಿಕ್ಕಿಗೆ ಹೊತ್ತಾಗುತ್ತೆ."

"ಹಲ್ಲು ಹೇಗಿದೆ?"

"ಎಡಗಡೆ ಅಗೀತಿದೀನಿ."

"ಬೇರೆ ಡಾಕ್ಟರ್ ಹತ್ರ ಹೋಗ್ಬಹುದಿತ್ತಲ್ಲ?"

"ಹೋಗ್ಬಹುದಿತ್ತು," ಎಂದ ಅವನು, ಚೆಂಡನ್ನೇ ನೋಡುತ್ತ.

ಅವಳ ಕೈಗೆ ಬಂದಿದ್ದ ಚೆಂಡು ಮತ್ತೆ ಉರುಳಿ ಹೋಯಿತು.

* * *

ಜೋಲಿ ಬಿಚ್ಚಿದ ದಿನ ಅವನು ತಾನೇ ಬುಟ್ಟಿ ಎತ್ತಿಕೊಂಡು ಬಂದ. ಶಿಷ್ಯರು ಹೋದ ಮೇಲೆ ಕೋರ್ಟಿನ ಮಣ್ಣನ್ನು ಇಬ್ಬರೂ ಎಳೆದು ಸಮ ಮಾಡಿದರು.

"ಸೇಡು ತೀರಿತು ಡಾಕ್ಟ್ರೇ. ನಾಳೆಯಿಂದ ನೀವು ಬರಬೇಕಾಗಿಲ್ಲ."

ಅವಳು ನಿಂತಳು. ಇಷ್ಟು ದಿನ ಕಾದಿದ್ದ ಬಿಡುಗಡೆ ಇದೇನಾ? ಹಾಗಾದರೆ ಅಳು ಯಾಕೆ ಬರುತ್ತಿದೆ?

"ಬರಬೇಕಾಗಿಲ್ಲ ಅಂದ್ರೆ... ಬರಬೇಡಿ ಅಂತಾನಾ?"

"ಬರಬೇಡಿ ಅನ್ನೋ ಧೈರ್ಯ ನಂಗಿಲ್ಲ."

ಗಾಳಿಗೆ ನೆಟ್ಟು ಸಣ್ಣಗೆ ಅಲುಗಿತು. ಅವನು ಗಂಟಲು ಸರಿಮಾಡಿಕೊಂಡ.

"ಕಿಡಿ ಕಳಿಸಿದ ಮೊದಲ ವಿಡಿಯೋ ನೋಡಿದಾಗಲೇ ನಂಗೆ ಗೊತ್ತಾಗಿತ್ತು, ಸೆಕ್ರೆಟರಿ ಕಳಿಸಿದ್ದ ವಿಡಿಯೋದವರೇ ಇವರು ಅಂತ. ಹೊಡೆತ ಅಂದ್ರೆ ಕೈಬರಹ ಇದ್ದ ಹಾಗೆ. ಆಟ ಬಿಟ್ಟಿಲ್ಲವಲ್ಲ ಅಂತ ಎಷ್ಟು ಖುಷಿಯಾಯ್ತು ಗೊತ್ತಾ? ಆದ್ರೆ ನನ್ನ ಹಲ್ಲಿನ ಡಾಕ್ಟ್ರೇ ಕಿಡಿ ಅಂತ ಮಾತ್ರ ಗೊತ್ತಾಗ್ಲಿಲ್ಲ. ನನ್ನ ಸಂಕಟ ಕೇಳಿ! ಬೆಳಗ್ಗೆ ಆದ್ರೆ ಕಿಡಿ ವಿಡಿಯೋಗೆ ಕಾಯ್ತಿದ್ದೆ. ಮಧ್ಯಾಹ್ನ ಆದ್ರೆ ಮಾಸ್ಕಿನ ಮೇಲಿರೋ ಆ ಎರಡು ಕಣ್ಣಿಗೆ ಕಾಯ್ತಿದ್ದೆ. ಏನಪ್ಪಾ ಇದು, ಒಟ್ಟೊಟ್ಟಿಗೆ ಇಬ್ಬರು ಹೆಂಗಸರನ್ನ ಇಷ್ಟ ಪಡ್ತಿದೀನಲ್ಲ, ಎಂಥ ಕೆಟ್ಟವನು ನಾನು ಅಂತ ನನಗೇ ಉಗ್ಕೋತಿದ್ದೆ!"

ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿ ಬಂತು. ಮಣ್ಣಾದ ಕೈಯಿಂದ ಕಣ್ಣು ಒರೆಸಿಕೊಂಡಳು, ಕೆನ್ನೆಗೆಲ್ಲ ಮಣ್ಣಾಯಿತು.

"ನಾನು ದ್ವೇಷ ಮಾಡ್ತಿದೀನಿ ಅನ್ಕೊಂಡೇ ನಿಮ್ಮ ದನಿ ಕೇಳ್ತಿದ್ದೆ. ಒಂದು ದಿನ ನಿಮ್ಮ ಉತ್ತರ ತಡ ಆಯ್ತು. ಊಟ ಸೇರ್ಲಿಲ್ಲ. ಶತ್ರುಗೆ ಯಾರಾದ್ರೂ ಹಾಗೆ ಕಾಯ್ತಾರಾ? ಅವತ್ತೇ ಗೊತ್ತಾಯ್ತು... ಆದ್ರೆ ಒಪ್ಕೊಳ್ಳೋಕೆ ಹಟ ಬಿಡ್ಲಿಲ್ಲ."

"ಈಗ?"

"ಈಗ ಹಟ ಮಾಡೋಕೆ ಸೊಂಟದಲ್ಲಿ ಶಕ್ತಿ ಇಲ್ಲ. ನೀವೇ ಮುರಿದ್ರಲ್ಲ!"

ಅವನು ಜೋರಾಗಿ ನಕ್ಕ. ನಂತರ ನಗು ನಿಲ್ಲಿಸಿ, ಇಷ್ಟು ದಿನ ಜೋಲಿಯಲ್ಲಿದ್ದ ಬಲಗೈಯನ್ನು ನಿಧಾನವಾಗಿ ಚಾಚಿ, ಅವಳ ಕೆನ್ನೆಯ ಮಣ್ಣನ್ನು ಒರೆಸಿದ.

"ನೋಯುತ್ತಾ?" ಅವಳು ಮೆಲ್ಲಗೆ ಕೇಳಿದಳು.

"ಸ್ವಲ್ಪ."

"ಹಾಗಾದ್ರೆ ಕೈ ಕೆಳಗಿಡಿ."

"ಇಡಲ್ಲ."

ಅವಳು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗೇಟಿನಾಚೆ ಯಾರದೋ ಸ್ಕೂಟರು ಹಾರ್ನ್ ಹೊಡೆಯಿತು. ಕ್ಲಿನಿಕ್ಕಿಗೆ ಹೊತ್ತಾಗಿತ್ತು. ಇಬ್ಬರೂ ಕದಲಲಿಲ್ಲ.

ಕೊನೆಗೆ ಅವನೇ ಹೇಳಿದ, ತೀರಾ ಸಹಜವಾಗಿ, ಎಷ್ಟೋ ವರ್ಷದಿಂದ ಹಾಗೇ ಕರೆಯುತ್ತಿದ್ದವನ ಹಾಗೆ:

"ನಾಳೆ ಸ್ವಲ್ಪ ಬೇಗ ಬಾ."

ಅವಳ ಕಿವಿ ಕೆಂಪಾಯಿತು. ಚೀಲ ಹೆಗಲಿಗೇರಿಸಿಕೊಂಡು ಗೇಟಿನವರೆಗೆ ಹೋದವಳು ತಿರುಗಿ ನೋಡಿದಳು.

"ಬರ್ತೀನಿ... ನೀನೂ ಕಾಯ್ತಿರು."